ಲೆಕ್ಕಕ್ಕೆ ಸಿಗದ ಐವರು: ಕೆನಡಾ ಫುಟ್‌ಬಾಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್‌ನ ಕಾವಲನ್ನು ಅಳೆಯುವ ಬಗೆ

ಮಾಹಿತಿ ವಿಭಾಗದಲ್ಲಿ ಈ ಬಾರಿ ಕೆನಡಾ ದೇಶದ ಫುಟ್‌ಬಾಲ್ ಆಟದ ಒಂದು ವಿಷಯವನ್ನು ಎತ್ತಿಕೊಂಡಿದ್ದೇವೆ. ನಮ್ಮ ಗಡಿ ಊರುಗಳ ಎಷ್ಟೋ ಮನೆಗಳ ಮಕ್ಕಳು, ಮೊಮ್ಮಕ್ಕಳು ಇಂದು ಟೊರಾಂಟೊ, ಕ್ಯಾಲ್ಗರಿ, ವಿನ್ನಿಪೆಗ್ ಕಡೆ ನೆಲೆಸಿದ್ದಾರೆ. ಅಲ್ಲಿನ ಹೈಸ್ಕೂಲುಗಳಲ್ಲಿ ಈ ಆಟ ಆಡಿಸುತ್ತಾರೆ. ಮೈಕಟ್ಟು ದಪ್ಪವಿರುವ ಹುಡುಗನನ್ನು ಸಾಮಾನ್ಯವಾಗಿ 'ಲೈನ್'ನಲ್ಲಿ ನಿಲ್ಲಿಸುತ್ತಾರೆ. ಪಂದ್ಯ ಮುಗಿದ ಮೇಲೆ ಊರಿನಿಂದ ಅಜ್ಜ ಫೋನ್ ಮಾಡಿ "ಎಷ್ಟು ಪಾಯಿಂಟ್ ಹೊಡೆದೆಯಪ್ಪಾ?" ಎಂದು ಕೇಳಿದರೆ ಆ ಹುಡುಗನ ಬಳಿ ಉತ್ತರವಿರುವುದಿಲ್ಲ. ಅವನು ಚೆಂಡನ್ನೇ ಮುಟ್ಟಿರುವುದಿಲ್ಲ. ಹಾಗೆಂದು ಅವನು ಏನೂ ಮಾಡಲಿಲ್ಲವೆಂದಲ್ಲ. ಅವನು ಮಾಡಿದ ಕೆಲಸವನ್ನು ಹೇಗೆ ಅಳೆಯುತ್ತಾರೆ, ಆ ಅಳತೆಯಲ್ಲಿ ಎಲ್ಲಿ ಮೋಸ ಹೋಗಬಹುದು ಎಂಬುದನ್ನು ಇಲ್ಲಿ ವಿವರಿಸಿದ್ದೇವೆ.

ಆಟದ ಪರಿಚಯ

ಇದು ನಾವು ನೋಡುವ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ. ಅಮೆರಿಕನ್ ಫುಟ್‌ಬಾಲ್‌ಗೆ ದಾಯಾದಿ ಎನ್ನಬಹುದು. ಆದರೆ ನಿಯಮಗಳಲ್ಲಿ ಮುಖ್ಯ ವ್ಯತ್ಯಾಸಗಳಿವೆ. ಕೆನಡಾದ ವೃತ್ತಿಪರ ಲೀಗ್, ಅಂದರೆ ಸಿಎಫ್‌ಎಲ್, 1958ರಲ್ಲಿ ಆರಂಭವಾಯಿತು. ಈಗ ಅದರಲ್ಲಿ 9 ತಂಡಗಳಿವೆ. ಅಂತಿಮ ವಿಜೇತರಿಗೆ ಕೊಡುವ ಗ್ರೇ ಕಪ್ ಲೀಗ್‌ಗಿಂತಲೂ ಹಳೆಯದು. ಆಗಿನ ಗವರ್ನರ್ ಜನರಲ್ ಅರ್ಲ್ ಗ್ರೇ ಅವರು ಕೊಟ್ಟ ಆ ಕಪ್‌ಗಾಗಿ 1909ರಲ್ಲಿ ಮೊದಲ ಪಂದ್ಯ ನಡೆಯಿತು.

ಒಂದು ತಂಡದಿಂದ 12 ಮಂದಿ ಮೈದಾನದಲ್ಲಿರುತ್ತಾರೆ. ಚೆಂಡು ಹೊಂದಿರುವ ತಂಡ ಮೂರು ಯತ್ನಗಳೊಳಗೆ 10 ಗಜ ಮುಂದೆ ಸಾಗಬೇಕು. ಸಾಗಿದರೆ ಮತ್ತೆ ಮೂರು ಯತ್ನ ಸಿಗುತ್ತದೆ. ಸಾಗದಿದ್ದರೆ ಚೆಂಡು ಎದುರಾಳಿಗೆ ಹೋಗುತ್ತದೆ. ಎರಡು ಯತ್ನಗಳಲ್ಲಿ ಕೆಲಸ ಆಗದಿದ್ದರೆ ಮೂರನೆಯದರಲ್ಲಿ ಚೆಂಡನ್ನು ದೂರಕ್ಕೆ ಒದ್ದುಬಿಡುವುದು ಸಾಮಾನ್ಯ ಪದ್ಧತಿ. ಆದ್ದರಿಂದ ನಿಜವಾಗಿ ಕೈಯಲ್ಲಿರುವುದು ಎರಡೇ ಯತ್ನ ಎಂದು ತಿಳಿದುಕೊಳ್ಳಬಹುದು. ಅಮೆರಿಕದ ಆಟದಲ್ಲಿ ನಾಲ್ಕು ಯತ್ನಗಳಿವೆ.

ಆಟವನ್ನು ನಡೆಸುವವನು ಕ್ವಾರ್ಟರ್‌ಬ್ಯಾಕ್. ಪ್ರತಿ ಯತ್ನದಲ್ಲೂ ಚೆಂಡು ಮೊದಲು ಅವನ ಕೈಗೆ ಬರುತ್ತದೆ. ಯಾರಿಗೆ ಎಸೆಯಬೇಕು, ಯಾರಿಗೆ ಕೊಡಬೇಕು ಎಂದು ಎರಡು ಮೂರು ಸೆಕೆಂಡಿನಲ್ಲಿ ಅವನು ನಿರ್ಧರಿಸಬೇಕು. ಆ ಎರಡು ಮೂರು ಸೆಕೆಂಡನ್ನು ಅವನಿಗೆ ಸಂಪಾದಿಸಿಕೊಡುವವರು ಐದು ಮಂದಿ. ಇವರ ಸಾಲಿಗೆ ಆಫೆನ್ಸಿವ್ ಲೈನ್ ಎಂದು ಹೆಸರು. ನಾವು ಈ ಲೇಖನದಲ್ಲಿ ಕಾವಲು ಸಾಲು ಎಂದು ಕರೆಯುತ್ತೇವೆ.

ಆ ಐವರು

ನಡುವೆ ನಿಲ್ಲುವವನು ಸೆಂಟರ್. ಚೆಂಡನ್ನು ಕಾಲುಗಳ ಸಂದಿಯಿಂದ ಹಿಂದಕ್ಕೆ ದಾಟಿಸಿ ಆಟ ಶುರು ಮಾಡುವವನು ಅವನೇ. ಅವನ ಎರಡು ಪಕ್ಕಗಳಲ್ಲಿ ಇಬ್ಬರು ಗಾರ್ಡ್‌ಗಳು, ಅವರಾಚೆ ಇಬ್ಬರು ಟ್ಯಾಕಲ್‌ಗಳು. ಬಲಗೈಯಲ್ಲಿ ಎಸೆಯುವ ಕ್ವಾರ್ಟರ್‌ಬ್ಯಾಕ್ ಎಸೆಯಲು ತಿರುಗಿ ನಿಂತಾಗ ಅವನ ಬೆನ್ನು ಎಡಕ್ಕಿರುತ್ತದೆ. ಎಡಗಡೆಯಿಂದ ಬರುವ ಎದುರಾಳಿ ಅವನಿಗೆ ಕಾಣುವುದಿಲ್ಲ. ಆ ಬದಿಯನ್ನು ಕಾಯುವ ಎಡ ಟ್ಯಾಕಲ್‌ನ ಜಾಗಕ್ಕೆ ಬೆಲೆ ಹೆಚ್ಚಿರುವುದು ಇದರಿಂದಲೇ. ಎಡಗೈ ಆಟಗಾರನಾದರೆ ಈ ಲೆಕ್ಕ ತಿರುವುಮುರುವಾಗುತ್ತದೆ.

ಈ ಐವರು ಸಾಮಾನ್ಯವಾಗಿ ಮುಂದಕ್ಕೆ ಎಸೆದ ಚೆಂಡನ್ನು ಹಿಡಿಯುವಂತಿಲ್ಲ. ಹಾಗಾಗಿ ಅಂಕಪಟ್ಟಿಯಲ್ಲಿ ಇವರ ಹೆಸರಿನ ಮುಂದೆ ಬರೆಯಲು ಏನೂ ಇರುವುದಿಲ್ಲ. ಕ್ರಿಕೆಟ್ ನೋಡುವ ನಮ್ಮ ಸದಸ್ಯರಿಗೆ ವಿಕೆಟ್ ಕೀಪರ್‌ನ ಪಾಡು ಗೊತ್ತು. ಅವನು ಹಿಡಿದ ನೂರು ಚೆಂಡು ಯಾವ ಪುಸ್ತಕದಲ್ಲೂ ಇರುವುದಿಲ್ಲ, ಬಿಟ್ಟ ಒಂದು ಚೆಂಡು ನಾಲ್ಕು ಬೈ ಎಂದು ದಾಖಲಾಗುತ್ತದೆ. ಕೀಪರ್‌ಗೆ ಕ್ಯಾಚು, ಸ್ಟಂಪಿಂಗ್ ಆದರೂ ಇವೆ. ಕಾವಲು ಸಾಲಿನವನಿಗೆ ಅದೂ ಇಲ್ಲ.

ಮೊದಲ ಅಳತೆ: ಸ್ಯಾಕ್

ಎಸೆಯಲು ಹೊರಟ ಕ್ವಾರ್ಟರ್‌ಬ್ಯಾಕ್‌ನನ್ನು ಎಸೆಯುವ ಮೊದಲೇ, ಆಟ ಆರಂಭವಾದ ಗೆರೆಯ ಹಿಂದೆ ಕೆಡವಿದರೆ ಅದು ಸ್ಯಾಕ್. ಕೆಡವಿದ ಎದುರಾಳಿಗೆ ಒಂದು ಸ್ಯಾಕ್ ಜಮೆಯಾಗುತ್ತದೆ. ಇಬ್ಬರು ಸೇರಿ ಕೆಡವಿದರೆ ತಲಾ ಅರ್ಧ. ಅದಕ್ಕೇ ದಾಖಲೆಗಳಲ್ಲಿ ಅರ್ಧಗಳೂ ಕಾಣುತ್ತವೆ. 1984ರಲ್ಲಿ ಬ್ರಿಟಿಷ್ ಕೊಲಂಬಿಯಾ ಲಯನ್ಸ್ ತಂಡದ ಜೇಮ್ಸ್ ಪಾರ್ಕರ್ ಒಂದೇ ಋತುವಿನಲ್ಲಿ 26.5 ಸ್ಯಾಕ್ ಮಾಡಿದ್ದು ಇದಕ್ಕೆ ಹೆಸರಾದ ಉದಾಹರಣೆ.

ಕೆಡವಿದವನಿಗೆ ಜಮೆ ಬರೆದಾಯಿತು. ಖರ್ಚನ್ನು ಯಾರ ಹೆಸರಿಗೆ ಬರೆಯಬೇಕು? ಇಡೀ ತಂಡದ ಹೆಸರಿಗೆ 'ಇಷ್ಟು ಸ್ಯಾಕ್ ಬಿಟ್ಟುಕೊಟ್ಟರು' ಎಂದು ಬರೆಯುತ್ತಾರೆ. ಜನ ಅದನ್ನು ಓದಿ ಕಾವಲು ಸಾಲು ಕೆಟ್ಟದ್ದು ಎಂದು ತೀರ್ಮಾನಿಸುತ್ತಾರೆ. ಈ ತೀರ್ಮಾನ ಎಷ್ಟು ಸರಿ ಎಂಬುದೇ ನಮ್ಮ ಮುಖ್ಯ ಪ್ರಶ್ನೆ.

ಕೆನಡಾದಲ್ಲಿ ಒಂದು ಸ್ಯಾಕ್‌ಗೆ ತೆರಬೇಕಾದ ಬೆಲೆ ದೊಡ್ಡದು. ಮೊದಲ ಯತ್ನದಲ್ಲೇ 7 ಗಜ ಹಿಂದಕ್ಕೆ ಕೆಡವಿಸಿಕೊಂಡರೆ ಎರಡನೇ ಯತ್ನದಲ್ಲಿ 17 ಗಜ ಬೇಕಾಗುತ್ತದೆ. ಅದು ಆಗದಿದ್ದರೆ ಒದ್ದುಬಿಡುವುದೇ ದಾರಿ. ನಾಲ್ಕು ಯತ್ನಗಳ ಆಟದಲ್ಲಿ ಚೇತರಿಸಿಕೊಳ್ಳಲು ಇನ್ನೊಂದು ಅವಕಾಶ ಉಳಿದಿರುತ್ತದೆ, ಇಲ್ಲಿ ಇಲ್ಲ.

ಎಣಿಕೆ, ದರ, ಒತ್ತಡ

ಸ್ಯಾಕ್‌ಗಳನ್ನು ಬರೀ ಎಣಿಸಿದರೆ ಸಾಲದು ಎಂಬುದನ್ನು ಲೆಕ್ಕ ಮಾಡಿಯೇ ತೋರಿಸುತ್ತೇವೆ. ಕೆಳಗಿನವು ನಿಜವಾದ ತಂಡಗಳ ಅಂಕಿಗಳಲ್ಲ, ತಿಳಿವಳಿಕೆಗಾಗಿ ನಾವು ಹಾಕಿಕೊಂಡ ಅಂಕಿಗಳು.

'ಅ' ತಂಡ ಒಂದು ಋತುವಿನಲ್ಲಿ 600 ಸಲ ಚೆಂಡು ಎಸೆದಿದೆ, 30 ಸ್ಯಾಕ್ ಬಿಟ್ಟುಕೊಟ್ಟಿದೆ. 'ಆ' ತಂಡ 450 ಸಲ ಎಸೆದಿದೆ, 27 ಸ್ಯಾಕ್ ಬಿಟ್ಟುಕೊಟ್ಟಿದೆ.

1. ಬರೀ ಎಣಿಕೆ: 30ಕ್ಕಿಂತ 27 ಕಡಿಮೆ. ಆದ್ದರಿಂದ 'ಆ' ತಂಡದ ಕಾವಲು ಮೇಲು ಎನಿಸುತ್ತದೆ.

2. ಸ್ಯಾಕ್ ದರ: ಎಸೆತಗಳಿಗೆ ಸ್ಯಾಕ್‌ಗಳನ್ನು ಕೂಡಿಸಿ, ಆ ಮೊತ್ತದಿಂದ ಸ್ಯಾಕ್‌ಗಳನ್ನು ಭಾಗಿಸಬೇಕು. ಸ್ಯಾಕ್ ಆದಾಗಲೂ ಎಸೆಯುವ ಪ್ರಯತ್ನ ನಡೆದಿರುವುದರಿಂದ ಕೂಡಿಸುವುದು ಅಗತ್ಯ. 'ಅ' ತಂಡಕ್ಕೆ 630ರಲ್ಲಿ 30, ಅಂದರೆ ಶೇ. 4.8. 'ಆ' ತಂಡಕ್ಕೆ 477ರಲ್ಲಿ 27, ಅಂದರೆ ಶೇ. 5.7. ಈಗ 'ಅ' ತಂಡವೇ ಮೇಲಾಯಿತು. ಹೆಚ್ಚು ಎಸೆಯುವ ತಂಡ ಹೆಚ್ಚು ಸಲ ಅಪಾಯಕ್ಕೆ ಒಡ್ಡಿಕೊಂಡಿರುತ್ತದೆ ಎಂಬುದನ್ನು ಬರೀ ಎಣಿಕೆ ಮರೆತಿತ್ತು.

3. ಒತ್ತಡದ ದರ: ಕೆಡವದಿದ್ದರೂ ಎದುರಾಳಿ ಹತ್ತಿರ ಬಂದು ಕ್ವಾರ್ಟರ್‌ಬ್ಯಾಕ್‌ನನ್ನು ಅವಸರಪಡಿಸುವುದು, ಎಸೆಯುವಾಗ ಗುದ್ದುವುದು, ನಿಂತ ಜಾಗದಿಂದ ಓಡಿಸುವುದು, ಇವೆಲ್ಲ 'ಪ್ರೆಶರ್', ಅಂದರೆ ಒತ್ತಡ. ಸ್ಯಾಕ್ ಕೂಡ ಇದರಲ್ಲಿ ಸೇರುತ್ತದೆ. 'ಅ' ತಂಡದ 630 ಸಂದರ್ಭಗಳಲ್ಲಿ 126 ಸಲ ಒತ್ತಡ ಬಂತು ಎನ್ನೋಣ. ಅದು ಶೇ. 20. 'ಆ' ತಂಡದ 477ರಲ್ಲಿ 81 ಸಲ ಬಂದರೆ ಶೇ. 17. ಮತ್ತೆ 'ಆ' ತಂಡದ ಕಾವಲು ಸಾಲೇ ಮೇಲಾಯಿತು.

ಹಾಗಾದರೆ 'ಆ' ತಂಡದ ಸ್ಯಾಕ್ ದರ ಏಕೆ ಹೆಚ್ಚು? ಒತ್ತಡ ಬಂದ 81 ಸಲದಲ್ಲಿ 27, ಅಂದರೆ ಮೂರರಲ್ಲೊಂದು ಸಲ, ಅದು ಸ್ಯಾಕ್ ಆಗಿದೆ. 'ಅ' ತಂಡದಲ್ಲಿ 126ರಲ್ಲಿ 30, ಅಂದರೆ ನಾಲ್ಕರಲ್ಲೊಂದಕ್ಕಿಂತ ಸ್ವಲ್ಪ ಕಡಿಮೆ. 'ಅ' ತಂಡದ ಕ್ವಾರ್ಟರ್‌ಬ್ಯಾಕ್ ಒತ್ತಡ ಬಂದಾಗ ಬೇಗ ಎಸೆದು ಪಾರಾಗುತ್ತಾನೆ. 'ಆ' ತಂಡದವನು ಚೆಂಡನ್ನು ಹಿಡಿದುಕೊಂಡೇ ನಿಲ್ಲುತ್ತಾನೆ. ಎರಡು ತಂಡ ಅವೇ, ಋತುವೂ ಅದೇ. ಆದರೂ ಯಾವ ಅಳತೆ ಹಿಡಿದೆವು ಎಂಬುದರ ಮೇಲೆ ತೀರ್ಪು ಎರಡು ಸಲ ತಿರುಗಿತು.

ಸ್ಯಾಕ್ ಯಾರ ಖಾತೆಗೆ?

ಒಂದು ಸ್ಯಾಕ್‌ಗೆ ಕಾರಣರಾಗಬಲ್ಲವರು ಹಲವರು.

ಕ್ವಾರ್ಟರ್‌ಬ್ಯಾಕ್: ಮೂರು ಸೆಕೆಂಡು ಕಾವಲು ಸಿಕ್ಕಿದರೂ ಐದು ಸೆಕೆಂಡು ಚೆಂಡು ಹಿಡಿದು ನಿಂತರೆ ಯಾವ ಸಾಲೂ ಅವನನ್ನು ಉಳಿಸಲಾರದು. ಅದಕ್ಕೇ ಚೆಂಡು ಕೈಗೆ ಬಂದಾಗಿನಿಂದ ಕೈಬಿಡುವವರೆಗಿನ ಸಮಯವನ್ನೂ ಅಳೆಯುತ್ತಾರೆ. ಸ್ಯಾಕ್ ದರದ ಪಕ್ಕದಲ್ಲಿ ಈ ಸಮಯವನ್ನು ಇಟ್ಟು ಓದಬೇಕು.

ಓಟಗಾರ: ಸಾಲಿನ ಹಿಂದೆ ನಿಲ್ಲುವ ರನ್ನಿಂಗ್ ಬ್ಯಾಕ್ ಎಸೆತದ ಸಮಯದಲ್ಲಿ ಆರನೇ ಕಾವಲುಗಾರ. ನುಗ್ಗಿ ಬಂದವನನ್ನು ಅವನು ತಡೆಯದಿದ್ದರೂ ದೂರು ಐವರ ಮೇಲೆ ಬರುತ್ತದೆ.

ಚೆಂಡು ಹಿಡಿಯುವವರು: ಅವರಲ್ಲಿ ಯಾರೂ ಎದುರಾಳಿಯಿಂದ ಬಿಡಿಸಿಕೊಳ್ಳದಿದ್ದರೆ ಎಸೆಯಲು ಜಾಗವಿರುವುದಿಲ್ಲ, ಹೊತ್ತು ಮೀರುತ್ತದೆ.

ಎದುರಾಳಿಯ ಸಂಖ್ಯೆ: ಐವರು ಮತ್ತು ಓಟಗಾರ ಸೇರಿ ಆರು ಮಂದಿ ಕಾಯುವಾಗ ಏಳು ಮಂದಿ ನುಗ್ಗಿದರೆ ಒಬ್ಬ ಉಳಿದೇ ಉಳಿಯುತ್ತಾನೆ. ಆ ಉಳಿದವನು ತಲುಪುವ ಮೊದಲು ಚೆಂಡು ಕೈಬಿಡುವುದು ಕ್ವಾರ್ಟರ್‌ಬ್ಯಾಕ್‌ನ ಹೊಣೆ.

ಪಂದ್ಯದ ಸ್ಥಿತಿ: ಹಿಂದೆ ಬಿದ್ದ ತಂಡ ಎಸೆಯಲೇಬೇಕು. ಅದು ಎದುರಾಳಿಗೂ ಗೊತ್ತಿರುವುದರಿಂದ ಅವರು ಯಾವ ಅಳುಕೂ ಇಲ್ಲದೆ ನುಗ್ಗುತ್ತಾರೆ. ಸೋಲುವ ತಂಡದ ಸ್ಯಾಕ್‌ಗಳು ಸೋಲಿಗೆ ಕಾರಣವಾಗಿರಬಹುದು, ಸೋಲಿನ ಫಲವೂ ಆಗಿರಬಹುದು.

ಇದರ ವಿರುದ್ಧ ದಿಕ್ಕಿನಲ್ಲೂ ತಪ್ಪು ನಡೆಯುತ್ತದೆ. ಕಾವಲು ಪೂರ್ತಿ ಮುರಿದುಬಿದ್ದಾಗ ಚುರುಕಾದ ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಅಂಕಣದ ಹೊರಕ್ಕೆ ಎಸೆದು ಪಾರಾದರೆ ಪುಸ್ತಕದಲ್ಲಿ ಸ್ಯಾಕ್ ಇಲ್ಲ, ಒಂದು ವಿಫಲ ಎಸೆತ ಅಷ್ಟೆ. ಸಾಲಿನ ತಪ್ಪು ಅಲ್ಲಿ ಮುಚ್ಚಿಹೋಗುತ್ತದೆ.

ಸಾಲಿನವನ ಹೆಸರಿಗೇ ನೇರವಾಗಿ ಬರುವ ಲೆಕ್ಕ ಒಂದಿದೆ, ಅದು ದಂಡ. ಎದುರಾಳಿಯನ್ನು ಕೈಯಿಂದ ಹಿಡಿದೆಳೆದರೆ 10 ಗಜ, ಆಟ ಶುರುವಾಗುವ ಮೊದಲೇ ಅಲುಗಾಡಿದರೆ 5 ಗಜ ತಂಡ ಹಿಂದಕ್ಕೆ ಹೋಗಬೇಕು. ಮೈಕಿನಲ್ಲಿ ಅವನ ಅಂಗಿಯ ಸಂಖ್ಯೆ ಕೂಗಿ ಹೇಳುವುದು ಹೆಚ್ಚಾಗಿ ಆಗ ಮಾತ್ರ.

ಕೆನಡಾದ ನಿಯಮಗಳಿಂದ ಆಗುವ ವ್ಯತ್ಯಾಸ

ಅಮೆರಿಕದ ಎನ್‌ಎಫ್‌ಎಲ್ ಅಂಕಿಗಳನ್ನು ತಂದು ಕೆನಡಾದ ಸಾಲಿನ ಪಕ್ಕದಲ್ಲಿಟ್ಟು ತೂಗುವುದು ಸರಿಯಲ್ಲ. ಕಾರಣಗಳು ಹೀಗಿವೆ.

ಒಂದು ಗಜದ ಅಂತರ. ಕೆನಡಾದಲ್ಲಿ ಎದುರಾಳಿ ಸಾಲು ಚೆಂಡಿನ ಗೆರೆಯಿಂದ ಒಂದು ಗಜ, ಅಂದರೆ ಮೂರು ಅಡಿ ಹಿಂದೆ ನಿಲ್ಲಬೇಕು. ಅಮೆರಿಕದಲ್ಲಿ ಎರಡು ಸಾಲುಗಳ ನಡುವೆ ಚೆಂಡಿನ ಉದ್ದದಷ್ಟೇ ಜಾಗ. ಈ ಮೂರು ಅಡಿಯಿಂದ ಕಾವಲುಗಾರನಿಗೆ ಕಾಲೂರಿ ಸಿದ್ಧನಾಗಲು ಕ್ಷಣಕಾಲ ಸಿಗುತ್ತದೆ. ಆದರೆ ಎದುರಾಳಿಯೂ ವೇಗ ಕೂಡಿಸಿಕೊಂಡೇ ಬಂದು ಢಿಕ್ಕಿ ಹೊಡೆಯುತ್ತಾನೆ. ಅಲ್ಲಿ ಅಭ್ಯಾಸವಾದವನಿಗೆ ಇಲ್ಲಿ ಹೆಜ್ಜೆಯ ಲೆಕ್ಕವನ್ನೇ ಹೊಸದಾಗಿ ಕಲಿಯಬೇಕಾಗುತ್ತದೆ.

ಅಗಲವಾದ ಅಂಕಣ. ಕೆನಡಾದ ಅಂಕಣ 65 ಗಜ ಅಗಲ, ಅಮೆರಿಕದ್ದು 53 ಗಜ ಒಂದು ಅಡಿ. ಜಾಗ ಹೆಚ್ಚಿರುವುದರಿಂದ ಕ್ವಾರ್ಟರ್‌ಬ್ಯಾಕ್‌ಗಳು ಪಕ್ಕಕ್ಕೆ ಓಡುತ್ತಾ ಎಸೆಯುವುದು ಅನುಕೂಲ. ಕಾಯಬೇಕಾದ ಬಿಂದುವೇ ಓಡುತ್ತಿದ್ದರೆ ಕಾಯುವವನು ಎಲ್ಲಿ ನಿಲ್ಲಬೇಕು?

ಓಡುತ್ತಾ ಬರುವ ಹಿಡಿತಗಾರರು. ಆಟ ಶುರುವಾಗುವ ಮೊದಲೇ ಹಿಂದಿನ ಸಾಲಿನ ಆಟಗಾರರು ಗೆರೆಯ ಕಡೆಗೆ ಓಡುತ್ತಾ ಬರಬಹುದು. ವೇಗದಲ್ಲಿ ಗೆರೆ ದಾಟುವ ಅವರು ಬೇಗನೆ ಬಿಡಿಸಿಕೊಳ್ಳುತ್ತಾರೆ, ಎಸೆತವೂ ಬೇಗ ಆಗಬಹುದು. ಆಗ ಸಾಲಿನ ಕೆಲಸ ಹಗುರವಾಗುತ್ತದೆ.

ಎರಡೇ ಯತ್ನ. 10 ಗಜವನ್ನು ಎರಡು ಯತ್ನದಲ್ಲಿ ದಾಟಬೇಕಾದ್ದರಿಂದ ಎಸೆತದ ಪಾಲು ಹೆಚ್ಚು. ಎರಡನೇ ಯತ್ನದಲ್ಲಿ ದೂರ ಹೆಚ್ಚಿದ್ದರೆ ಎಸೆಯುತ್ತಾರೆಂಬುದು ಎಲ್ಲರಿಗೂ ಗೊತ್ತು. ಕೆನಡಾದ ಕಾವಲು ಸಾಲನ್ನು ಅಳೆಯಲು ಈ ಎರಡನೇ ಯತ್ನಗಳನ್ನು ಪ್ರತ್ಯೇಕವಾಗಿ ನೋಡುವುದು ಒಳ್ಳೆಯದು.

ಕೆನಡಾದವರ ಪಾಲು. ಪ್ರತಿ ತಂಡವೂ ನಿಗದಿತ ಸಂಖ್ಯೆಯ ಕೆನಡಾ ಆಟಗಾರರನ್ನು ಆಡಿಸಲೇಬೇಕು. ಅನೇಕ ತಂಡಗಳು ಆ ಸ್ಥಾನಗಳನ್ನು ಕಾವಲು ಸಾಲಿನಲ್ಲಿ ತುಂಬಿಸುತ್ತವೆ. ಸಾಲಿನಲ್ಲಿದ್ದ ಕೆನಡಾದವನಿಗೆ ಪೆಟ್ಟಾದರೆ ಪಾಲಿನ ಲೆಕ್ಕ ಸರಿಹೋಗಲು ಇನ್ನೊಬ್ಬ ಕೆನಡಾದವನನ್ನೇ ಹುಡುಕಬೇಕಾಗಬಹುದು. ಆದ್ದರಿಂದ ಅದೇ ಐವರು ಎಷ್ಟು ಪಂದ್ಯ ಜೊತೆಯಾಗಿ ಆಡಿದರು ಎಂಬುದೂ ಒಂದು ಉಪಯುಕ್ತ ಅಳತೆ. ಪಕ್ಕದವನು ಯಾವಾಗ ತನ್ನ ಎದುರಾಳಿಯನ್ನು ತನಗೆ ದಾಟಿಸುತ್ತಾನೆ ಎಂಬುದು ಜೊತೆಯಲ್ಲಿ ಆಡಿಯೇ ಗೊತ್ತಾಗಬೇಕು.

ಸದಸ್ಯರು ಒಂದನ್ನು ಗಮನಿಸಬೇಕು. 2025ರ ಸೆಪ್ಟೆಂಬರ್‌ನಲ್ಲಿ ಸಿಎಫ್‌ಎಲ್ ಕೆಲವು ನಿಯಮ ಬದಲಾವಣೆಗಳನ್ನು ಘೋಷಿಸಿತು. ಅದರಂತೆ 2027ರಿಂದ ಅಂಕಣದ ಉದ್ದ 110 ಗಜದಿಂದ 100 ಗಜಕ್ಕೆ ಇಳಿಯುತ್ತದೆ. 65 ಗಜದ ಅಗಲ, 12 ಆಟಗಾರರು, ಮೂರು ಯತ್ನ ಹಾಗೆಯೇ ಉಳಿಯುತ್ತವೆ.

ವಿಡಿಯೊ ನೋಡಿ ಅಂಕ ಕೊಡುವುದು

ಪುಸ್ತಕದ ಲೆಕ್ಕ ಸಾಲದ್ದರಿಂದ ಪ್ರತಿ ಯತ್ನದ ವಿಡಿಯೊ ನೋಡಿ ಪ್ರತಿ ಆಟಗಾರನಿಗೂ ಅಂಕ ಕೊಡುವ ಪದ್ಧತಿ ಬೆಳೆದಿದೆ. ತರಬೇತುದಾರರು ಇದನ್ನು ಹಿಂದಿನಿಂದಲೂ ಮಾಡುತ್ತಾ ಬಂದಿದ್ದಾರೆ. ಹೊರಗಿನ ಸಂಸ್ಥೆಗಳಲ್ಲಿ ಪ್ರೊ ಫುಟ್‌ಬಾಲ್ ಫೋಕಸ್ ಎಂಬುದು ಹೆಸರಾಗಿದೆ. ಅದರ ಕ್ರಮದಲ್ಲಿ ಪ್ರತಿ ಯತ್ನಕ್ಕೂ ಋಣ 2ರಿಂದ ಧನ 2ರವರೆಗೆ, ಅರ್ಧ ಅರ್ಧ ಮೆಟ್ಟಿಲಿನಲ್ಲಿ ಅಂಕವಿರುತ್ತದೆ. ನಿರೀಕ್ಷಿಸಿದ ಕೆಲಸವನ್ನು ಮಾಡಿದರೆ ಸೊನ್ನೆ. ಕೊನೆಗೆ ಎಲ್ಲವನ್ನೂ ಸೇರಿಸಿ 100ರ ಅಳತೆಗೆ ತರುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಸಿಎಫ್‌ಎಲ್ ಕೂಡ ಈ ಅಂಕಗಳ ಆಧಾರದಲ್ಲಿ ವಾರವಾರದ ಗೌರವ ಪಟ್ಟಿ ಪ್ರಕಟಿಸುತ್ತಿದ್ದು, ಅದರಲ್ಲಿ ಕಾವಲು ಸಾಲಿಗೂ ಸ್ಥಾನವಿದೆ.

ಇನ್ನೊಂದು ಕ್ರಮ ಎನ್‌ಎಫ್‌ಎಲ್‌ಗಾಗಿ ಇಎಸ್‌ಪಿಎನ್ ರೂಪಿಸಿದ್ದು. ಆಟಗಾರರ ಭುಜಪಟ್ಟಿಯಲ್ಲಿ ಇಟ್ಟ ಚಿಪ್‌ನಿಂದ ಅವರ ಚಲನೆ ತಿಳಿದು, ಕಾವಲುಗಾರ ತನ್ನ ಎದುರಾಳಿಯನ್ನು 2.5 ಸೆಕೆಂಡು ತಡೆದನೇ ಇಲ್ಲವೇ ಎಂದು ನೋಡುತ್ತಾರೆ. ತಡೆದರೆ ಗೆಲುವು, ಆ ಮೇಲೆ ಏನಾದರೂ ಅವನ ತಪ್ಪಲ್ಲ. ಕ್ವಾರ್ಟರ್‌ಬ್ಯಾಕ್‌ನ ತಡವನ್ನು ಸಾಲಿನ ಖಾತೆಯಿಂದ ತೆಗೆದಿಡುವ ಒಳ್ಳೆಯ ಉಪಾಯವಿದು. ಆದರೆ ಆ 2.5 ಸೆಕೆಂಡು ಒಂದು ಗಜದ ಅಂತರವಿಲ್ಲದ ಆಟಕ್ಕೆ ಹೊಂದಿಸಿದ್ದು ಎಂಬುದು ನೆನಪಿರಲಿ.

ಈ ಪದ್ಧತಿಗಳಿಗೂ ಮಿತಿಯಿದೆ. ಆ ಯತ್ನದಲ್ಲಿ ಯಾರು ಯಾರನ್ನು ತಡೆಯಬೇಕೆಂದು ತಂಡದೊಳಗೆ ಹೇಳಿಕೊಂಡಿದ್ದರೋ ಅದು ಹೊರಗೆ ಕೂತು ವಿಡಿಯೊ ನೋಡುವವನಿಗೆ ಕೇಳಿಸಿರುವುದಿಲ್ಲ. ಗಾರ್ಡ್ ಮತ್ತು ಟ್ಯಾಕಲ್ ನಡುವಿನ ಸಂದಿಯಲ್ಲಿ ಒಬ್ಬ ನುಗ್ಗಿದಾಗ ತಪ್ಪು ಯಾರದೆಂದು ಅವನು ಊಹಿಸಬೇಕಾಗುತ್ತದೆ.

ಸಾಲಿನ ಇನ್ನೊಂದು ಕೆಲಸ ಓಟಗಾರನಿಗೆ ದಾರಿ ಬಿಡಿಸುವುದು. ಮೊದಲ ಎದುರಾಳಿ ಮುಟ್ಟುವ ಮೊದಲು ಓಟಗಾರ ಸಾಗಿದ ಗಜಗಳನ್ನು ಸಾಲಿಗೂ, ಆ ನಂತರದ್ದನ್ನು ಓಟಗಾರನಿಗೂ ಹಂಚುವುದು ಒರಟಾದರೂ ಉಪಯುಕ್ತ ಕ್ರಮ. ಮೂರನೇ ಯತ್ನದಲ್ಲಿ ಒಂದೇ ಗಜ ಬೇಕಿದ್ದಾಗ ಕೆನಡಾದ ತಂಡಗಳು ಒದೆಯದೆ ನುಗ್ಗುವುದೇ ಹೆಚ್ಚು. ಎದುರಾಳಿ ಒಂದು ಗಜ ಹಿಂದೆ ನಿಂತಿರುವುದು ಆಗ ಸಾಲಿಗೆ ಅನುಕೂಲ.

ಹೆಸರು ಪಡೆದ ಕೆಲವರು

ಅಂಕಿಗಳಿಗಿಂತ ಮೊದಲೇ ಕಣ್ಣುಗಳು ಈ ಆಟಗಾರರನ್ನು ಗುರುತಿಸಿದ್ದವು. ವರ್ಷದ ಅತ್ಯುತ್ತಮ ಕಾವಲು ಸಾಲಿನ ಆಟಗಾರನಿಗೆ ಸಿಎಫ್‌ಎಲ್ 1974ರಿಂದ ಪ್ರಶಸ್ತಿ ಕೊಡುತ್ತಿದೆ. ಕ್ರೀಡಾ ವರದಿಗಾರರು ಮತ್ತು ಮುಖ್ಯ ತರಬೇತುದಾರರು ಮತ ಹಾಕುತ್ತಾರೆ. ವಿನ್ನಿಪೆಗ್ ಬ್ಲೂ ಬಾಂಬರ್ಸ್‌ನ ಎಡ ಟ್ಯಾಕಲ್ ಸ್ಟ್ಯಾನ್ಲಿ ಬ್ರಯಂಟ್ ಇದನ್ನು 2017, 2018, 2021 ಮತ್ತು 2022ರಲ್ಲಿ ನಾಲ್ಕು ಬಾರಿ ಪಡೆದರು. ಅದೇ ತಂಡದ ಓಟಗಾರ ಆಂಡ್ರ್ಯೂ ಹ್ಯಾರಿಸ್ 2017ರಿಂದ 2019ರವರೆಗೆ ಮೂರು ವರ್ಷ ಓಟದ ಗಜಗಳಲ್ಲಿ ಲೀಗ್‌ಗೇ ಮೊದಲಿಗರಾಗಿದ್ದರು. ಆ ಗಜಗಳೆಲ್ಲ ಹ್ಯಾರಿಸ್ ಅವರ ಹೆಸರಿನಲ್ಲಿವೆ. ಅವುಗಳಲ್ಲಿ ಎಷ್ಟು ಬ್ರಯಂಟ್ ಮತ್ತು ಅವರ ಜೊತೆಯವರವು ಎಂಬುದನ್ನು ಯಾವ ಪಟ್ಟಿಯೂ ಹೇಳುವುದಿಲ್ಲ.

ಮಾಂಟ್ರಿಯಲ್ ಅಲುವೆಟ್ಸ್ ತಂಡದ ಆಂಥೊನಿ ಕಾಲ್ವಿಲೊ ತಮ್ಮ ವೃತ್ತಿಯಲ್ಲಿ 79,816 ಗಜ ಚೆಂಡು ಎಸೆದವರು. ನಿವೃತ್ತರಾದಾಗ ಅದು ವೃತ್ತಿಪರ ಫುಟ್‌ಬಾಲ್‌ನ ದಾಖಲೆಯಾಗಿತ್ತು. ಅವರ ಮುಂದೆ 1999ರಿಂದ 2013ರವರೆಗೆ ಗಾರ್ಡ್ ಆಗಿ ನಿಂತವರು ಸ್ಕಾಟ್ ಫ್ಲೋರಿ. ಫ್ಲೋರಿ 2008 ಮತ್ತು 2009ರಲ್ಲಿ ಈ ಪ್ರಶಸ್ತಿ ಪಡೆದರು.

ಈ ಅಳತೆ ಏಕೆ ಬೇಕು?

2013ರ ಆಗಸ್ಟ್‌ನಲ್ಲಿ ಸಾಸ್ಕಾಚೆವನ್ ವಿರುದ್ಧದ ಪಂದ್ಯದಲ್ಲಿ ಬಿದ್ದ ಒಂದು ಹೊಡೆತದಿಂದ ಕಾಲ್ವಿಲೊ ಅವರ ತಲೆಗೆ ಪೆಟ್ಟಾಯಿತು. ಆಮೇಲೆ ಅವರು ಮತ್ತೆ ಆಡಲಿಲ್ಲ. ಇಪ್ಪತ್ತು ಋತುಗಳ ಆಟ ಅಲ್ಲಿಗೆ ಮುಗಿಯಿತು. 1971ರಿಂದ 1973ರವರೆಗೆ ಟೊರಾಂಟೊ ಆರ್ಗೊನಾಟ್ಸ್ ಪರ ಆಡಿ ಅಮೆರಿಕಕ್ಕೆ ಹೋದ ಜೋ ಥೈಸ್‌ಮನ್ ಅವರ ಕಾಲು 1985ರ ನವೆಂಬರ್ 18ರಂದು ಒಂದು ಸ್ಯಾಕ್‌ನಲ್ಲಿ ಮುರಿಯಿತು. ಅವರೂ ಮತ್ತೆ ಆಡಲಿಲ್ಲ.

ಸ್ಯಾಕ್ ಮತ್ತು ಒತ್ತಡದ ಲೆಕ್ಕ ಎಂದರೆ ಒಬ್ಬ ಮನುಷ್ಯನ ಮೈಮೇಲೆ ಬಿದ್ದ ಪೆಟ್ಟುಗಳ ಲೆಕ್ಕ. ಅದನ್ನು ತಪ್ಪಾಗಿ ಓದಿದರೆ ತಪ್ಪಾದವನನ್ನು ಬದಲಾಯಿಸುತ್ತಾರೆ, ಪೆಟ್ಟು ಬೀಳುವುದು ನಿಲ್ಲುವುದಿಲ್ಲ. ಚೆಂಡು ಹಿಡಿದು ನಿಲ್ಲುವ ಕ್ವಾರ್ಟರ್‌ಬ್ಯಾಕ್‌ನ ದೋಷಕ್ಕೆ ಒಬ್ಬ ಗಾರ್ಡ್ ಕೆಲಸ ಕಳೆದುಕೊಳ್ಳಬಹುದು. ಒಳ್ಳೆಯ ಕ್ವಾರ್ಟರ್‌ಬ್ಯಾಕ್‌ನ ಚುರುಕಿನ ಹಿಂದೆ ಸಾಲಿನ ದೌರ್ಬಲ್ಯ ಅಡಗಿದ್ದು, ಒಂದು ದಿನ ಅವನ ಮೈಮೇಲೆಯೇ ಬಂದು ಬೀಳಬಹುದು.

ಮನೆಯವರು ನೋಡುವಾಗ

ಸಿಎಫ್‌ಎಲ್ ಋತು ಜೂನ್‌ನಿಂದ ನವೆಂಬರ್‌ವರೆಗೆ ನಡೆಯುತ್ತದೆ. ಟೊರಾಂಟೊದಲ್ಲಿ ಬೇಸಿಗೆಯ ಸಂಜೆ 7 ಗಂಟೆಯ ಪಂದ್ಯ ನಮಗೆ ಮರುದಿನ ಬೆಳಗಿನ ಜಾವ 4.30ಕ್ಕೆ ಬೀಳುತ್ತದೆ. ಎದ್ದು ನೋಡುವ ಸದಸ್ಯರು ಮೊದಲ ಹತ್ತು ಯತ್ನಗಳಲ್ಲಿ ಚೆಂಡನ್ನು ಬಿಟ್ಟು ಐವರನ್ನು ಮಾತ್ರ ನೋಡಲಿ. ಚೆಂಡು ಹಿಂದಕ್ಕೆ ಬಂದ ಕೂಡಲೇ ಮನಸ್ಸಿನಲ್ಲೇ ಒಂದು, ಎರಡು, ಮೂರು ಎಣಿಸಲಿ. ಮೂರು ಎನ್ನುವವರೆಗೆ ಕ್ವಾರ್ಟರ್‌ಬ್ಯಾಕ್‌ನ ಸುತ್ತ ಜಾಗ ಉಳಿದಿದ್ದರೆ ಸಾಲು ತನ್ನ ಕೆಲಸ ಮಾಡಿದೆ ಎಂದು ಸುಮಾರಾಗಿ ತಿಳಿಯಬಹುದು.

ಅಲ್ಲಿ ಆಡುವ ಮೊಮ್ಮಗನಿಗೆ ಫೋನ್ ಮಾಡಿದಾಗ ಕೇಳಬೇಕಾದ ಪ್ರಶ್ನೆಗಳು ಇವು: ನಿನ್ನ ಎದುರಿಗಿದ್ದವನು ಇವತ್ತು ಎಷ್ಟು ಸಲ ನಿನ್ನನ್ನು ದಾಟಿದ? ಪಕ್ಕದವನ ಜೊತೆ ಮಾತು ಹೊಂದಿತೇ? ನಿಮ್ಮ ಕ್ವಾರ್ಟರ್‌ಬ್ಯಾಕ್ ಎಷ್ಟು ಸಲ ನೆಲಕ್ಕೆ ಬಿದ್ದ? "ಒಂದು ಸಲವೂ ಇಲ್ಲ" ಎಂದು ಅವನು ಹೇಳಿದರೆ, ಶತಕ ಹೊಡೆದವನಿಗೆ ಹೇಳುವಂತೆಯೇ ಶಹಬ್ಬಾಸ್ ಹೇಳಬೇಕು.

ಕೆನಡಾದಲ್ಲಿ ಮಕ್ಕಳಿರುವ ಸದಸ್ಯರು ಈ ಆಟದ ಪದಗಳಿಗೆ ತಮ್ಮ ಮನೆಯಲ್ಲಿ ಬಳಸುವ ಕನ್ನಡ ಮಾತುಗಳಿದ್ದರೆ ಸಂಘಕ್ಕೆ ಬರೆದು ಕಳುಹಿಸಿ. ಮುಂದಿನ ಸಂಚಿಕೆಗಳಲ್ಲಿ ಪ್ರಕಟಿಸುತ್ತೇವೆ.

– ಕಾರ್ಯದರ್ಶಿ